ಕಕ್ಕಡ ಹದಿನೆಂಟು, ಮದ್ದು ಸೊಪ್ಪು ಮತ್ತು ಅದರ ನೆಂಟರು

ಜುಲೈ ಕೊನೆಯ ವಾರ ಬಂತೆಂದರೆ ಕೊಡಗಿನ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಮಾತು ಸುತ್ತುತ್ತದೆ. ಆಗಸ್ಟ್ 3, ಅಂದರೆ ಕಕ್ಕಡ ತಿಂಗಳ ಹದಿನೆಂಟನೇ ದಿನ, ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿರುತ್ತದಂತೆ. ದಿನಕ್ಕೊಂದರ ಹಾಗೆ ಸೇರುತ್ತಾ ಬಂದು ಅವತ್ತು ಪೂರ್ತಿಯಾಗುತ್ತದಂತೆ. ಆ ದಿನ ಒಂದು ತುತ್ತು ತಿಂದರೆ ವರ್ಷವಿಡೀ ಕಾಯಿಲೆ ಹತ್ತಿರ ಸುಳಿಯುವುದಿಲ್ಲವಂತೆ. ಕೊಡವರ ಮನೆಯಲ್ಲಿ ಇದು ಕಕ್ಕಡ ಪದಿನೆಟ್ಟ್, ಅರೆಭಾಷೆ ಗೌಡರ ಮನೆಯಲ್ಲಿ ಆಟಿ ಹದಿನೆಂಟು. ಮಾತು ಮಾತ್ರ ಎರಡೂ ಕಡೆ ಒಂದೇ.

ನನಗೆ ಈ ಗಿಡದ ಮೇಲೆ ತುಂಬಾ ಪ್ರೀತಿ. ಅದಕ್ಕೇ ಈ ಲೆಕ್ಕ ಕೇಳಿದಾಗಲೆಲ್ಲ ಬೇಜಾರಾಗುತ್ತದೆ. ಮದ್ದು ಸೊಪ್ಪು ಜಸ್ಟೀಸಿಯಾ ಎಂಬ ಕುಲಕ್ಕೆ ಸೇರಿದ್ದು. ಪೂರ್ಣ ಹೆಸರು ಜಸ್ಟೀಸಿಯಾ ವೈನಾಡೆನ್ಸಿಸ್. ಪಶ್ಚಿಮ ಘಟ್ಟದ ನೆರಳು, ತೇವ ಬಿಟ್ಟು ಬೇರೆಲ್ಲೂ ತಾನಾಗಿ ಬೆಳೆಯುವ ಗಿಡವಲ್ಲ. ಇದೇ ಕುಲದಲ್ಲಿ ಜಗತ್ತಿನಾದ್ಯಂತ 700ಕ್ಕೂ ಹೆಚ್ಚು ಗಿಡಗಳಿವೆ. ಅವುಗಳ ನಿಜವಾದ ಕಥೆಯ ಮುಂದೆ ಹದಿನೆಂಟರ ಕಥೆ ತೀರಾ ಸಪ್ಪೆ.

ಮೊದಲು ಅಡುಗೆಮನೆ. ಕಟ್ಟು ಬಿಚ್ಚಿ ಎಲೆ, ಎಳೆ ಕಾಂಡ ಎರಡನ್ನೂ ತುಂಡು ಮಾಡಿ ನೀರಿಗೆ ಹಾಕಿ ಕುದಿಸುತ್ತೇವೆ. ಎಲೆ ಕಡು ಹಸಿರು. ಆದರೆ ನೀರು ಸ್ವಲ್ಪ ಹೊತ್ತಿಗೇ ನೇರಳೆಗೆ ತಿರುಗುತ್ತದೆ. ಇನ್ನೂ ಕುದ್ದರೆ ಹೆಚ್ಚುಕಮ್ಮಿ ಕಪ್ಪು. ಆ ಪರಿಮಳ ಬೇರೆ ಯಾವ ಸೊಪ್ಪಿಗೂ ಇಲ್ಲ, ಮನೆಯೆಲ್ಲ ತುಂಬಿಕೊಳ್ಳುತ್ತದೆ. ಸೋಸಿದ ರಸಕ್ಕೆ ಅಕ್ಕಿ, ಬೆಲ್ಲ, ತೆಂಗಿನಹಾಲು ಸೇರಿದರೆ ಪಾಯಸ. ತರಿ ಹಾಕಿ ಬೇಯಿಸಿದರೆ ಮದ್ದ್ ಪುಟ್ಟ್, ಮೇಲೆ ತುಪ್ಪ, ಜೇನು. ಮರುದಿನ ಮೂತ್ರ ಕೆಂಪಗೆ ಹೋಗುತ್ತದೆ. "ನೋಡು, ಮದ್ದು ಮೈಗೆ ಹಿಡಿದಿದೆ" ಅಂತ ಮನೆಯ ಹಿರಿಯರು ಹೇಳುವುದು ಆಗಲೇ.

ಈ ಪುರಾವೆಯನ್ನೇ ಸ್ವಲ್ಪ ಜಗ್ಗಿ ನೋಡೋಣ. ಬೀಟ್ರೂಟ್ ತಿಂದರೂ ಕೆಲವರಿಗೆ ಮೂತ್ರ ಕೆಂಪಾಗುತ್ತದೆ. ಬಣ್ಣ ಹೊರಗೆ ಬಂತು ಅಂದರೆ ಅಷ್ಟೇ ಅರ್ಥ: ಆ ಬಣ್ಣದ ಅಣು ಕರುಳಿನಿಂದ ರಕ್ತಕ್ಕೆ ಹೋಗಿ, ಮೂತ್ರಪಿಂಡದಲ್ಲಿ ಸೋಸಿ ಹೊರಬಿತ್ತು. ದಾರಿಯಲ್ಲಿ ಅದು ಏನಾದರೂ ಒಳ್ಳೆಯದು ಮಾಡಿತೋ ಇಲ್ಲವೋ ಎಂದು ಬಣ್ಣ ಹೇಳುವುದಿಲ್ಲ. ಅಂದಹಾಗೆ, ಎರಡೂ ಕೆಂಪು ಒಂದೇ ಅಲ್ಲ. ಬೀಟ್ರೂಟಿನದು ಬೀಟಲೇನ್ ಎಂಬ ಬಣ್ಣ. ಹೂಬಿಡುವ ಗಿಡಗಳಲ್ಲಿ ಹರಿವೆ, ಬೋಗನ್‌ವಿಲ್ಲಾ, ಕಳ್ಳಿ ಸೇರಿರುವ ಒಂದೇ ಒಂದು ಬಳಗದಲ್ಲಿ ಅದು ತಯಾರಾಗುತ್ತದೆ. ಮದ್ದು ಸೊಪ್ಪು ಆ ಬಳಗದ್ದಲ್ಲ. ಅದು ಕನಕಾಂಬರದ ಕುಟುಂಬದ್ದು. ಈ ಕುಟುಂಬಕ್ಕೆ ಹಸಿರೆಲೆಯಿಂದ ನೇರಳೆ ನೀರು ಬಿಡುವುದು ಹೊಸದೇನಲ್ಲ. ವಿಯೆಟ್ನಾಂನಲ್ಲಿ ಇದೇ ಕುಟುಂಬದ ಪೆರಿಸ್ಟ್ರೋಫಿ ಎಂಬ ಗಿಡದ ಎಲೆ ಕುದಿಸಿ, ಆ ನೀರಿನಲ್ಲಿ ಅಂಟಕ್ಕಿ ನೆನೆಸಿ, ನೇರಳೆ ಅನ್ನ ಬೇಯಿಸುತ್ತಾರೆ. ಭಾಗಮಂಡಲದ ಅಜ್ಜಿಗೂ ಅಲ್ಲಿನ ಅಜ್ಜಿಗೂ ಪರಿಚಯವಿಲ್ಲ, ಆದರೆ ಪಾತ್ರೆಯ ಬಣ್ಣ ಒಂದೇ! ಇದು ನನಗೆ ಹದಿನೆಂಟು ಔಷಧಿಗಿಂತ ಎಷ್ಟೋ ದೊಡ್ಡ ಸೋಜಿಗ.

ಇನ್ನು ಎಣಿಕೆ. ಯಾವುದೇ ಎಲೆಯಲ್ಲಿ ನೂರಾರು ರಾಸಾಯನಿಕಗಳಿರುತ್ತವೆ, ಹುರುಳಿ ಎಲೆಯಲ್ಲೂ ಇರುತ್ತವೆ. ಯಾವ ಅಣು, ಎಷ್ಟು ಪ್ರಮಾಣದಲ್ಲಿ, ದೇಹದ ಯಾವ ಜಾಗಕ್ಕೆ ಹೋಗಿ ಏನು ಮಾಡುತ್ತದೆ ಎಂದು ತೋರಿಸಿದಾಗ ಮಾತ್ರ ಔಷಧಿ ಎನ್ನಬಹುದು. ಮದ್ದು ಸೊಪ್ಪಿನ ಮೇಲೆ ಕೆಲಸ ಆಗಿಲ್ಲವೆಂದಲ್ಲ. 2011, 2012ರಲ್ಲಿ ಬಂದ ಪ್ರಬಂಧಗಳು ಎಲೆಯ ಸಾರದಲ್ಲಿರುವ ರಾಸಾಯನಿಕಗಳನ್ನು ಪಟ್ಟಿ ಮಾಡಿವೆ, ಆಂಟಿ ಆಕ್ಸಿಡೆಂಟ್ ಗುಣವನ್ನು ಅಳೆದಿವೆ. ಒಳ್ಳೆಯ ಶುರು. ಆದರೆ ಇಂಥ ಪರೀಕ್ಷೆ ನಡೆಯುವುದು ಗಾಜಿನ ನಳಿಗೆಯಲ್ಲಿ. ಸಾಮಾನ್ಯವಾಗಿ ಡಿಪಿಪಿಎಚ್ ಎಂಬ ನೇರಳೆ ದ್ರಾವಣಕ್ಕೆ ಸೊಪ್ಪಿನ ಸಾರ ಬೆರೆಸುತ್ತಾರೆ. ಅದು ಹಳದಿಗೆ ತಿರುಗಿದಷ್ಟೂ ಸಾರಕ್ಕೆ ಅಂಕ ಜಾಸ್ತಿ. ಕಾಫಿಗೂ ಇದರಲ್ಲಿ ಒಳ್ಳೆ ಅಂಕ ಸಿಗುತ್ತದೆ, ಟೀಗೂ ಸಿಗುತ್ತದೆ. ಇಷ್ಟನ್ನೇ ಹಿಡಿದು "ವಿಜ್ಞಾನಿಗಳೂ ಒಪ್ಪಿದ್ದಾರೆ" ಎಂದು ಬರೆದು ಕಳಿಸುವುದು ಸರಿಯಲ್ಲ.

ಹಾಗಾದರೆ ಒಂದು ಸೊಪ್ಪು ನಿಜವಾಗಿ ಔಷಧಿಯಾಗುವುದು ಹೇಗೆ? ಅದಕ್ಕೆ ಮದ್ದು ಸೊಪ್ಪಿನ ಹತ್ತಿರದ ನೆಂಟನನ್ನೇ ಕೇಳಬೇಕು. ಅದು ಆಡುಸೋಗೆ, ಜಸ್ಟೀಸಿಯಾ ಅಡಾಟೋಡಾ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ಆದರೆ ಆಡುಸೋಗೆಯನ್ನು ಆಡೂ ಮೂಸಿ ಮುಂದೆ ಹೋಗುತ್ತದೆ. ಅಷ್ಟು ಕಹಿ. ಅದಕ್ಕೇ ಬೇಲಿಗೆ ನೆಡುತ್ತಾರೆ. ಕೆಮ್ಮು, ಉಬ್ಬಸಕ್ಕೆ ಆಯುರ್ವೇದದಲ್ಲಿ ಇದರ ಬಳಕೆ ಬಹಳ ಹಳೆಯದು. ಪಕ್ಕದ ಕೇರಳದ ವೈದ್ಯರು ಇದರ ತಮ್ಮನಂಥ ಜಸ್ಟೀಸಿಯಾ ಬೆಡ್ಡೋಮಿಯನ್ನೂ ಬಳಸುತ್ತಾರೆ.

ಬ್ರಿಟಿಷರು ನೀಲಗಿರಿಯಲ್ಲಿ ಮಲೇರಿಯಾಕ್ಕಾಗಿ ಸಿಂಕೋನಾ ಬೆಳೆಸುತ್ತಿದ್ದರು. ಅದರ ತೊಗಟೆಯಲ್ಲಿ ಎಷ್ಟು ಕ್ವಿನೈನ್ ಇದೆ ಎಂದು ಅಳೆಯುವುದಕ್ಕೇ ಊಟಿಯಲ್ಲಿ ಸರ್ಕಾರಿ ರಸಾಯನಶಾಸ್ತ್ರಜ್ಞನೊಬ್ಬನಿದ್ದ. ಹೆಸರು ಡೇವಿಡ್ ಹೂಪರ್. ಆತನ ಕಣ್ಣು ಸಿಂಕೋನಾದಲ್ಲೇ ನಿಲ್ಲಲಿಲ್ಲ, ಬೇಲಿಯ ಗಿಡಗಳ ಮೇಲೂ ಬಿತ್ತು. 1888ರಲ್ಲಿ ಆಡುಸೋಗೆಯ ಎಲೆಯಿಂದ ಒಂದು ಕ್ಷಾರವಸ್ತುವನ್ನು (ಆಲ್ಕಲಾಯ್ಡ್) ಬೇರ್ಪಡಿಸಿ ವಾಸಿಸಿನ್ ಎಂದು ಹೆಸರಿಟ್ಟ. ಅಲ್ಲಿಗೆ "ಕಹಿ ಸೊಪ್ಪು" ಎಂಬ ಮಾತು ಹೋಗಿ ಅಳೆಯಬಹುದಾದ ಒಂದು ಅಣು ಕೈಗೆ ಬಂತು.

ನಂತರ ಜರ್ಮನಿಯ ರಸಾಯನಶಾಸ್ತ್ರಜ್ಞರು ವಾಸಿಸಿನ್ ರಚನೆಯನ್ನು ಮಾದರಿಯಾಗಿಟ್ಟುಕೊಂಡು ಬ್ರೊಮ್‌ಹೆಕ್ಸಿನ್ ತಯಾರಿಸಿದರು. 1963ರಲ್ಲಿ ಅದು ಮಾರುಕಟ್ಟೆಗೆ ಬಂತು. ದೇಹದೊಳಗೆ ಹೋದ ಬ್ರೊಮ್‌ಹೆಕ್ಸಿನ್ ಬದಲಾಗಿ ಆಂಬ್ರಾಕ್ಸಾಲ್ ಆಗುತ್ತದೆ. 1970ರ ದಶಕದ ಕೊನೆಗೆ ಅದೂ ನೇರವಾಗಿ ಔಷಧಿಯಾಯಿತು. ನಿಮ್ಮ ಮನೆಯ ಕೆಮ್ಮಿನ ಸಿರಪ್ಪಿನ ಲೇಬಲ್ ಓದಿ, ಇವೆರಡರಲ್ಲಿ ಒಂದು ಇರುವ ಸಾಧ್ಯತೆ ಹೆಚ್ಚು.

ಇವು ಮಾಡುವ ಕೆಲಸ ನೋಡಬೇಕು. ನಮ್ಮ ಶ್ವಾಸನಾಳದ ಒಳಗೋಡೆಯ ತುಂಬಾ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳಿವೆ. ಸಸಿಮಡಿಯ ಪೈರು ಗಾಳಿಗೆ ಅಲೆಅಲೆಯಾಗಿ ಬಾಗಿ ಏಳುವ ಹಾಗೆ ಅವು ಸಾಲಾಗಿ ಬಾಗಿ ಏಳುತ್ತವೆ, ಅದೂ ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ. ಕೂದಲಿನ ಬುಡದಲ್ಲಿ ತೆಳ್ಳಗಿನ ನೀರಿನ ಪದರ, ತುದಿಯ ಮೇಲೆ ಅಂಟು ಲೋಳೆ. ಉಸಿರಿನೊಂದಿಗೆ ಬಂದ ದೂಳು, ರೋಗಾಣು ಎಲ್ಲವೂ ಲೋಳೆಗೆ ಅಂಟಿಕೊಂಡು ಗಂಟಲ ಕಡೆಗೆ ಸಾಗುತ್ತವೆ. ಸೋಂಕು ತಗುಲಿದಾಗ ಲೋಳೆ ಗಟ್ಟಿಯಾಗಿ ಕೂದಲುಗಳು ಅದರಲ್ಲೇ ಸಿಕ್ಕಿಬೀಳುತ್ತವೆ. ಅದೇ ಎದೆ ಕಟ್ಟುವುದು. ಬ್ರೊಮ್‌ಹೆಕ್ಸಿನ್ ಲೋಳೆಯ ಉದ್ದನೆಯ ಎಳೆಗಳನ್ನು ಸಡಿಲ ಮಾಡಿ, ಗ್ರಂಥಿಗಳಿಂದ ತೆಳು ದ್ರವ ಹೆಚ್ಚು ಬರುವಂತೆ ಮಾಡುತ್ತದೆ. ಆಂಬ್ರಾಕ್ಸಾಲ್ ಇನ್ನೂ ಒಳಗೆ ಹೋಗುತ್ತದೆ. ಶ್ವಾಸಕೋಶದ ಗಾಳಿಚೀಲಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ತಡೆಯುವ ಸರ್ಫ್ಯಾಕ್ಟಂಟ್ ಎಂಬ ಜಾರುವಸ್ತು ಹೆಚ್ಚು ತಯಾರಾಗುವಂತೆ ಪ್ರಚೋದಿಸುತ್ತದೆ. ನರದ ಸೋಡಿಯಂ ಬಾಗಿಲುಗಳನ್ನು ಮುಚ್ಚಿ ಗಂಟಲ ನೋವನ್ನೂ ಕಡಿಮೆ ಮಾಡುತ್ತದೆ.

ಕಥೆ ಅಲ್ಲಿಗೂ ನಿಲ್ಲಲಿಲ್ಲ. ಗೋಶೆ ಎಂಬ ಅನುವಂಶಿಕ ಕಾಯಿಲೆಯಲ್ಲಿ ಜಿಕೇಸ್ ಎಂಬ ಕಿಣ್ವ ತಪ್ಪಾಗಿ ಮಡಚಿಕೊಂಡು, ಜೀವಕೋಶದ ಕಸ ಕರಗಿಸುವ ಚೀಲಕ್ಕೆ ತಲುಪುವುದೇ ಇಲ್ಲ. 2009ರಲ್ಲಿ ಸಂಶೋಧಕರು ಆಗಲೇ ಬಳಕೆಯಲ್ಲಿದ್ದ ಔಷಧಿಗಳನ್ನು ಜಾಲಾಡಿದಾಗ ಆಂಬ್ರಾಕ್ಸಾಲ್ ಈ ಕಿಣ್ವಕ್ಕೆ ಅಂಟಿಕೊಂಡು ಅದರ ಆಕಾರ ಕಾಪಾಡುವುದು ಕಂಡಿತು. ಚೀಲದೊಳಗೆ ಆಮ್ಲ ಹೆಚ್ಚು. ಅಲ್ಲಿ ತಲುಪಿದ ಮೇಲೆ ಔಷಧಿಯ ಹಿಡಿತ ಸಡಿಲವಾಗಿ ಕಿಣ್ವ ತನ್ನ ಕೆಲಸ ಶುರು ಮಾಡುತ್ತದೆ. ಪಾರ್ಕಿನ್ಸನ್ ಇರುವ ಕೆಲವರಲ್ಲೂ ಇದೇ ಕಿಣ್ವದ ಜೀನಿನಲ್ಲಿ ದೋಷವಿರುತ್ತದೆ. 2020ರಲ್ಲಿ ಪ್ರಕಟವಾದ ಲಂಡನ್ನಿನ ಒಂದು ಸಣ್ಣ ಪರೀಕ್ಷೆಯಲ್ಲಿ ಈ ಔಷಧಿ ಮೆದುಳಿನ ಸುತ್ತಲಿನ ದ್ರವವನ್ನೂ ತಲುಪಿ ಕಿಣ್ವದ ಪ್ರಮಾಣ ಏರಿಸಿದ್ದು ಕಂಡುಬಂತು. ಅಲ್ಲಿ ಕೊಟ್ಟದ್ದು ದಿನಕ್ಕೆ 1.26 ಗ್ರಾಂ, ಕೆಮ್ಮಿಗೆ ಕೊಡುವುದರ ಹತ್ತು ಪಟ್ಟಿನಷ್ಟು, ಅದೂ ವೈದ್ಯರ ಕಣ್ಣೆದುರು. ಸಿರಪ್ ಕುಡಿದು ಪಾರ್ಕಿನ್ಸನ್ ವಾಸಿಯಾಗುತ್ತದೆ ಎಂದು ಯಾರೂ ಸುಮ್ನೆ ಹಬ್ಬಿಸಬೇಡಿ.

ಇದೇ ಕುಲಕ್ಕೆ ಇನ್ನೊಂದು ಮುಖವೂ ಇದೆ. ತೈವಾನಿನಲ್ಲಿ ಒಂದು ಜಸ್ಟೀಸಿಯಾವನ್ನು ಹೊಳೆಗೆ ಹಾಕಿ ಮೀನು ಹಿಡಿಯುತ್ತಿದ್ದರು. ಮೀನು ಕೊಲ್ಲುವ ಜಸ್ಟಿಸಿಡಿನ್ ಎಂಬ ವಸ್ತುಗಳನ್ನು 1965ರಲ್ಲಿ ಅದರಿಂದಲೇ ಬೇರ್ಪಡಿಸಿದರು. ನಮ್ಮಲ್ಲಿ ಕರಿನೆಕ್ಕಿ ಎನ್ನುವ ಜಸ್ಟೀಸಿಯಾ ಗೆಂಡರುಸ್ಸಾದಲ್ಲಿ ಎಚ್‌ಐವಿಯನ್ನು ತಡೆಯುವ ಅಣು ಸಿಕ್ಕಿತೆಂದು 2017ರಲ್ಲಿ ವರದಿಯಾಯಿತು. ಅದು ಪ್ರಯೋಗಾಲಯದ ಜೀವಕೋಶಗಳಲ್ಲಿ ಕಂಡದ್ದು, ರೋಗಿಗಳಲ್ಲಿ ಅಲ್ಲ. ವಾಸಿಸಿನ್ ಗರ್ಭಕೋಶವನ್ನು ಕುಗ್ಗಿಸುತ್ತದೆ ಎಂದು ಜಮ್ಮುವಿನ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯದವರು ವಿವರವಾಗಿ ತೋರಿಸಿದ್ದಾರೆ. ಹಾಗಾಗಿ ಗರ್ಭಿಣಿಯರು ಆಡುಸೋಗೆ ಕಷಾಯದಿಂದ ದೂರ ಇರಬೇಕು. ಗಿಡದ್ದಲ್ವಾ, ಏನೂ ಆಗಲ್ಲ ಎನ್ನುವ ಮಾತು ಈ ಕುಲದ ಮಟ್ಟಿಗಂತೂ ನಡೆಯುವುದಿಲ್ಲ.

ಈಗ ಹದಿನೆಂಟನೇ ದಿನಕ್ಕೆ ಬರೋಣ. ಅದೇ ಜಮ್ಮುವಿನ ತಂಡ 1983ರಲ್ಲಿ ಆಡುಸೋಗೆಯಲ್ಲಿನ ಕ್ಷಾರವಸ್ತುಗಳು ಋತುವಿಗೆ ತಕ್ಕಂತೆ ಏರಿಳಿಯುತ್ತವೆ ಎಂದು ವರದಿ ಮಾಡಿತು. ಹಾಗಾಗಿ ಮಳೆಗಾಲದ ಸೊಪ್ಪು ಬೇರೆ, ಬೇಸಿಗೆಯ ಸೊಪ್ಪು ಬೇರೆ ಎಂಬ ಹಿರಿಯರ ಮಾತಿನಲ್ಲಿ ಹುರುಳಿರಬಹುದು. ಕಕ್ಕಡ ಅಂದರೆ ನಾಟಿಯ ಕೆಲಸ, ಜಡಿಮಳೆಯ ತಿಂಗಳು, ಮದುವೆ ಮುಂಜಿ ಇರುವುದಿಲ್ಲ. ಆಗ ಕಾಡಂಚಿನ ಸೊಪ್ಪು ಕೊಬ್ಬಿ ಬೆಳೆದಿರುತ್ತದೆ.

ಆದರೆ ನಿರ್ದಿಷ್ಟವಾಗಿ ಒಂದೇ ದಿನವೇ? ನಮ್ಮ ಸೌರ ಪಂಚಾಂಗ ಸೂರ್ಯನ ಜಾಗವನ್ನು ನಕ್ಷತ್ರಗಳ ಲೆಕ್ಕದಲ್ಲಿ ಹಿಡಿಯುತ್ತದೆ. ಆ ವರ್ಷ ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ಭೂಮಿಯ ಅಕ್ಷ ನಿಧಾನವಾಗಿ ವಾಲಿ ಸುತ್ತುವುದೇ ಇದಕ್ಕೆ ಕಾರಣ. 20 ನಿಮಿಷ ಸೇರುತ್ತಾ ಹೋಗಿ ಹೆಚ್ಚುಕಮ್ಮಿ 70 ವರ್ಷಕ್ಕೆ ಒಂದು ದಿನವಾಗುತ್ತದೆ. ಸಾವಿರ ವರ್ಷಕ್ಕೆ ಎರಡು ವಾರ. ಅಂದರೆ ಸಾವಿರ ವರ್ಷದ ಹಿಂದಿನ ಕಕ್ಕಡ ಹದಿನೆಂಟು ಋತುವಿನ ಲೆಕ್ಕದಲ್ಲಿ ಈಗಿನ ಜುಲೈ ಮೂರನೇ ವಾರದಲ್ಲಿ ಬರುತ್ತಿತ್ತು. ಗಿಡ ನೋಡುವುದು ಬೆಳಕು, ಮಳೆ, ಮಣ್ಣು. ಪಂಚಾಂಗ ಜರುಗಿದ ಹಾಗೆ ಅದು ಜರುಗುವುದಿಲ್ಲ.

ಇದನ್ನು ಪರೀಕ್ಷಿಸುವುದು ಕಷ್ಟವೇನಲ್ಲ. ಜಿಲ್ಲೆಯ ಯಾವ ಕಾಲೇಜಿನ ವಿದ್ಯಾರ್ಥಿಗಳೂ ಶುರು ಮಾಡಬಹುದು. ಇಪ್ಪತ್ತು ಗಿಡಗಳಿಗೆ ನಂಬರು ಕಟ್ಟಬೇಕು. ಅರ್ಧ ನೆರಳಿನವು, ಅರ್ಧ ಬಿಸಿಲಿನವು ಇರಲಿ. ಜೂನ್ ಮೊದಲ ವಾರದಿಂದ ಅಕ್ಟೋಬರ್‌ವರೆಗೆ ಪ್ರತಿ ವಾರ, ಬೆಳಿಗ್ಗೆ ಒಂದೇ ಹೊತ್ತಿಗೆ, ಅದೇ ಗಿಡದ ಅದೇ ವಯಸ್ಸಿನ ಎಲೆ ಕೊಯ್ಯಬೇಕು. ಪೊಟ್ಟಣದ ಮೇಲೆ ತಾರೀಕಿನ ಬದಲು ಗುಪ್ತ ಸಂಖ್ಯೆ ಬರೆಯಬೇಕು, ಅಳೆಯುವವರಿಗೆ ಯಾವುದು ಆಗಸ್ಟ್ 3ರದ್ದು ಎಂದು ತಿಳಿಯಬಾರದು. ಪ್ರತಿ ಪೊಟ್ಟಣವನ್ನೂ ಎರಡು ಥರ ಸಾರ ತೆಗೆಯಬೇಕು: ಒಂದು ಪ್ರಯೋಗಾಲಯದ ಪದ್ಧತಿಯಂತೆ ಮೆಥನಾಲ್‌ನಲ್ಲಿ, ಇನ್ನೊಂದು ಮನೆಯಲ್ಲಿ ಮಾಡುವ ಹಾಗೆ ನೀರಲ್ಲಿ ಕುದಿಸಿ. ಮೆಥನಾಲ್ ಎಳೆದು ತೆಗೆಯುವುದನ್ನೆಲ್ಲ ನೀರು ತೆಗೆಯುವುದಿಲ್ಲ, ನಾವು ಮೆಥನಾಲ್ ಕುಡಿಯುವುದೂ ಇಲ್ಲ. ಜೊತೆಗೆ ಬೆಲ್ಲ, ತೆಂಗಿನಹಾಲು ಸೇರಿಸಿ ಕುದಿಸಿದ ಪಾಯಸದ್ದೇ ಒಂದು ಸ್ಯಾಂಪಲ್ ಇರಲಿ. ಕೊನೆಗೂ ನಮ್ಮ ಹೊಟ್ಟೆಗೆ ಹೋಗುವುದು ಅದೇ ತಾನೆ.