ಸ್ಟೀಫನ್ ಕ್ರೈಟನ್: ಒಬ್ಬ ಆಟಗಾರ, ಮೂರು ಜರ್ಸಿ

ರಗ್ಬಿ ಲೀಗ್ ಕಲಿಯೋಕೆ ನಿಯಮದ ಪುಸ್ತಕ ಹಿಡಿದರೆ ನಿದ್ದೆ ಬರುತ್ತದೆ. ಒಬ್ಬ ಆಟಗಾರನ ಹಿಂದೆ ಬಿದ್ದರೆ ಬೇಗ ತಲೆಗೆ ಹತ್ತುತ್ತದೆ. ನಾನು ಆರಿಸಿಕೊಂಡದ್ದು ಸ್ಟೀಫನ್ ಕ್ರೈಟನ್‌ನನ್ನು. 2000ದ ಸೆಪ್ಟೆಂಬರ್‌ನಲ್ಲಿ ಸಮೋವಾದ ರಾಜಧಾನಿ ಅಪಿಯಾದಲ್ಲಿ ಹುಟ್ಟಿದವನು, ಬೆಳೆದದ್ದು ಸಿಡ್ನಿಯ ಪಶ್ಚಿಮಕ್ಕಿರುವ ಮೌಂಟ್ ಡ್ರೂಯಿಟ್‌ನಲ್ಲಿ. ಪ್ಯಾರಮಟ್ಟಾ ಕಡೆ ನೆಂಟರಿರುವ ಕನ್ನಡಿಗರಿಗೆ ಗೊತ್ತಿರಬಹುದು, ಪೆನ್ರಿತ್‌ಗೆ ಹೋಗುವ ರೈಲು ಅದೇ ಊರಿನ ಮೇಲೆ ಹೋಗುತ್ತದೆ. ಕ್ರೈಟನ್ ಕೂಡ ಪೆನ್ರಿತ್‌ಗೇ ಹೋದ: 2019ರಲ್ಲಿ ಪೆನ್ರಿತ್ ಪ್ಯಾಂಥರ್ಸ್ ಪರ ಮೊದಲ ಪಂದ್ಯ. ಆಡುವ ಜಾಗ ಸೆಂಟರ್, ಅಂದರೆ ಅಂಚಿನಲ್ಲಿ ನಿಲ್ಲುವ ವಿಂಗರ್‌ನ ಪಕ್ಕ.

ಆಟದ ಬಗ್ಗೆ ಇಷ್ಟು ಸಾಕು. ತಂಡಕ್ಕೆ 13 ಜನ, 80 ನಿಮಿಷ. ಚೆಂಡು ಕೈಲಿದ್ದವರಿಗೆ ಆರು ಟ್ಯಾಕಲ್, ಅಂದರೆ ಎದುರಾಳಿ ಆರು ಸಲ ಹಿಡಿದು ನಿಲ್ಲಿಸುವವರೆಗೆ ಆಡಬಹುದು. ಕ್ರಿಕೆಟ್ ಓವರ್ ಥರ, ಆರು ಮುಗಿದರೆ ಸರದಿ ಎದುರಾಳಿಯದ್ದು. 15 ಜನ ಆಡುವ ರಗ್ಬಿ ಯೂನಿಯನ್ ಬೇರೆ ಆಟ, ಎರಡನ್ನೂ ಬೆರೆಸಿ ಓದಬೇಡಿ.

ಸ್ಕೋರ್ ನೋಡಿಯೇ ಪಂದ್ಯ ಊಹಿಸುವುದು

ಇದು ನನ್ನ ಮೆಚ್ಚಿನ ಕಿರುದಾರಿ. ಎದುರಾಳಿಯ ಗೋಲ್ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿದರೆ ಅದು ಟ್ರೈ, ಅದಕ್ಕೆ 4. ಟ್ರೈ ಆದ ಮೇಲೆ ಒದೆಯುವ ಕನ್ವರ್ಷನ್‌ಗೆ 2. ಎದುರಾಳಿ ನಿಯಮ ಮುರಿದಾಗ ಒದೆಯುವ ಪೆನಾಲ್ಟಿ ಗೋಲ್‌ಗೆ 2. ಆಟ ನಡೆಯುತ್ತಿರುವಾಗಲೇ ಚೆಂಡನ್ನು ನೆಲಕ್ಕೆ ಬಿಟ್ಟು, ಪುಟಿದ ಕೂಡಲೇ ಕಂಬಗಳ ನಡುವೆ ಒದೆಯುವ ಫೀಲ್ಡ್ ಗೋಲ್‌ಗೆ 1. ಇವುಗಳಲ್ಲಿ ಬೆಸ ಸಂಖ್ಯೆ ಇದೊಂದೇ. ಹಾಗಾಗಿ ಯಾವುದೇ ತಂಡದ ಸ್ಕೋರ್ ಬೆಸವಾಗಿದ್ದರೆ ಯಾರೋ ಫೀಲ್ಡ್ ಗೋಲ್ ಹೊಡೆದಿದ್ದಾರೆ, ಅನುಮಾನವೇ ಬೇಡ. ಪಂದ್ಯ ಬಿಗಿಯಾಗಿದ್ದಾಗಲೇ ಜಾಸ್ತಿ ಅದರ ಗೋಜಿಗೆ ಹೋಗುವುದು. ಆಸ್ಟ್ರೇಲಿಯಾದ ಎನ್‌ಆರ್‌ಎಲ್ ಲೀಗ್‌ನಲ್ಲಿ 2021ರಿಂದ 40 ಮೀಟರ್ ಆಚೆಯಿಂದ ಹೊಡೆದರೆ 2 ಅಂಕ, ಅದು ಈ ಲೆಕ್ಕಕ್ಕೆ ಸಿಗುವುದಿಲ್ಲ.

2021ರ ಎನ್‌ಆರ್‌ಎಲ್ ಫೈನಲ್ ತೆಗೆದುಕೊಳ್ಳಿ. ಪೆನ್ರಿತ್ 14, ಸೌತ್ ಸಿಡ್ನಿ 12. ಎರಡೂ ಸಮ. ಪೆನ್ರಿತ್‌ಗೆ ಎರಡು ಟ್ರೈ, ಎರಡು ಕನ್ವರ್ಷನ್, ಒಂದು ಪೆನಾಲ್ಟಿ. ಸೌತ್ ಸಿಡ್ನಿಗೂ ಎರಡು ಟ್ರೈ, ಒಂದು ಪೆನಾಲ್ಟಿ, ಆದರೆ ಕನ್ವರ್ಷನ್ ಒಂದೇ. ತಪ್ಪಿದ ಆ ಒಂದು ಒದೆತವೇ ಕಪ್‌ನ ಅಂತರ.

ಪಾಸ್ ಕದಿಯುವವನು

ಆ ಪಂದ್ಯ 8-8ರಲ್ಲಿ ನಿಂತಿತ್ತು. ಕೊನೆಯ ಹದಿನೈದು ನಿಮಿಷ ಹತ್ತಿರ ಬಂದಿತ್ತು. ಸೌತ್ ಸಿಡ್ನಿಯ ಕೋಡಿ ವಾಕರ್ ಅಂಚಿನ ಕಡೆ ಉದ್ದಕ್ಕೆ ಒಂದು ಪಾಸ್ ಎಸೆದ. ಕ್ರೈಟನ್ ರಕ್ಷಣೆಯ ಸಾಲು ಬಿಟ್ಟು ಮುಂದೆ ನುಗ್ಗಿ ಅದನ್ನು ಗಾಳಿಯಲ್ಲೇ ಕಿತ್ತುಕೊಂಡ. ಮುಂದೆ ಯಾರೂ ಇರಲಿಲ್ಲ. ಟ್ರೈ.

ನೋಡೋಕೆ ಅದೃಷ್ಟ ಅನಿಸುತ್ತದೆ, ಅಲ್ವಾ? ಸೆಂಟರ್ ಸಾಲು ಬಿಟ್ಟು ಮುಂದೆ ಹೋದರೆ ಅವನ ಹಿಂದೆ ದೊಡ್ಡ ತೂತು ಬೀಳುತ್ತದೆ. ಚೆಂಡು ಕೈಗೆ ಸಿಗದಿದ್ದರೆ ಎದುರಾಳಿ ಅಲ್ಲಿಂದಲೇ ನುಗ್ಗುತ್ತಾನೆ, ಬೈಗುಳ ಇವನಿಗೆ. ಅಂದರೆ ಪಾಸ್ ಕೈಬಿಡುವ ಮೊದಲೇ ಅದು ಎಲ್ಲಿಗೆ ಬರುತ್ತದೆ ಅಂತ ಓದಿರಬೇಕು. ಒಮ್ಮೆ ಆದರೆ ಅದೃಷ್ಟ. ಈತ ದೊಡ್ಡ ಪಂದ್ಯಗಳಲ್ಲಿ ಮತ್ತೆ ಮತ್ತೆ ಮಾಡಿದ್ದಾನೆ, ಮುಂದೆ ಬರುತ್ತದೆ.

2020, 2021, 2022, 2023, ನಾಲ್ಕೂ ಫೈನಲ್‌ನಲ್ಲಿ ಕ್ರೈಟನ್ ಟ್ರೈ ಹೊಡೆದ. ಮೊದಲನೆಯದನ್ನು ಪೆನ್ರಿತ್ ಮೆಲ್ಬರ್ನ್‌ಗೆ 26-20ರಲ್ಲಿ ಸೋತಿತು. ಉಳಿದ ಮೂರೂ ಗೆಲುವು. 2023ರಲ್ಲಂತೂ ಬ್ರಿಸ್ಬೇನ್ ವಿರುದ್ಧ 24-8ರ ಹಿನ್ನಡೆಯಿಂದ ಎದ್ದು 26-24.

ಮೂರು ಜರ್ಸಿ ಹೇಗೆ ಸಾಧ್ಯ?

ಹೊಸಬರೆಲ್ಲ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ, ಅದಕ್ಕೆ ನಿಧಾನವಾಗಿ ಬರೆಯುತ್ತೇನೆ. 2022ರಲ್ಲಿ ಕ್ರೈಟನ್ ಪೆನ್ರಿತ್‌ಗೆ ಆಡಿದ, ನ್ಯೂ ಸೌತ್ ವೇಲ್ಸ್ ರಾಜ್ಯಕ್ಕೆ ಆಡಿದ, ಸಮೋವಾ ದೇಶಕ್ಕೂ ಆಡಿದ. ಆಸ್ಟ್ರೇಲಿಯಾದ ರಾಜ್ಯಕ್ಕೆ ಆಡಿದವನು ಇನ್ನೊಂದು ದೇಶಕ್ಕೆ ಆಡೋದು ಹೇಗೆ?

ಮೊದಲು ರಾಜ್ಯದ ವಿಷಯ. ಸ್ಟೇಟ್ ಆಫ್ ಒರಿಜಿನ್ ಅಂದರೆ ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲ್ಯಾಂಡ್ ನಡುವೆ ವರ್ಷಕ್ಕೆ ಮೂರು ಪಂದ್ಯ. ಅಲ್ಲಿ ಹುಟ್ಟಿದ ಊರು ಮುಖ್ಯ ಅಲ್ಲ. 13 ತುಂಬುವ ಮೊದಲು ಆ ರಾಜ್ಯದಲ್ಲಿ ವಾಸವಿದ್ದರೆ ಸಾಕು. ಅಪಿಯಾದಲ್ಲಿ ಹುಟ್ಟಿದ ಹುಡುಗ ನೀಲಿ ಜರ್ಸಿ ಹಾಕಿದ್ದು ಹೀಗೆ.

ಈಗ ದೇಶ. ಇಲ್ಲಿ ಲೆಕ್ಕ ಬೇರೆ: ತಾನು, ಅಪ್ಪ-ಅಮ್ಮ ಅಥವಾ ಅಜ್ಜ-ಅಜ್ಜಿ ಎಲ್ಲಿ ಹುಟ್ಟಿದ್ದು ಅನ್ನುವುದನ್ನು ನೋಡುತ್ತಾರೆ. ಹಾಗಾಗಿ ಒಬ್ಬನಿಗೆ ಎರಡು ಮೂರು ದೇಶಗಳ ಬಾಗಿಲು ತೆರೆದಿರಬಹುದು.

ಎರಡೂ ಸೇರುವ ಜಾಗದಲ್ಲೇ ಗಂಟು. ಈ ಆಟದಲ್ಲಿ ದೇಶಗಳಿಗೆ ಶ್ರೇಣಿ ಇದೆ. ಮೊದಲ ಶ್ರೇಣಿಯಲ್ಲಿ ಮೂರೇ: ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಇಂಗ್ಲೆಂಡ್. ಸಮೋವಾ, ಟೋಂಗಾ ಎಲ್ಲ ಅದರ ಕೆಳಗೆ. ಕ್ರೈಟನ್ ಬಂದಾಗ ಇದ್ದ ನಿಯಮ ಹೀಗಿತ್ತು: ನ್ಯೂಜಿಲೆಂಡ್‌ಗೋ ಇಂಗ್ಲೆಂಡ್‌ಗೋ ಆಡಿದರೆ ಒರಿಜಿನ್ ಬಾಗಿಲು ಮುಚ್ಚುತ್ತದೆ. ಸಮೋವಾಗೆ ಆಡಿದರೆ ಮುಚ್ಚುವುದಿಲ್ಲ. ಜೂನ್‌ನಲ್ಲಿ ಬ್ಲೂಸ್ (ನ್ಯೂ ಸೌತ್ ವೇಲ್ಸ್ ತಂಡ), ಅಕ್ಟೋಬರ್‌ನಲ್ಲಿ ಸಮೋವಾ, ಎರಡೂ ಸರಿ. ಇನ್ನೂ ತಲೆಗೆ ಹೋಗದಿದ್ದರೆ ಹೀಗೆ ನೆನಪಿಡಿ: ಒರಿಜಿನ್ ಕೇಳುವುದು ‘ಎಲ್ಲಿ ಬೆಳೆದೆ’, ದೇಶ ಕೇಳುವುದು ‘ಯಾರ ಮನೆಯವನು’. ಎರಡಕ್ಕೂ ಬೇರೆ ಬೇರೆ ಉತ್ತರ ಕೊಡಬಹುದು.

ಹಿಂದೆ ದೊಡ್ಡ ಆಟಗಾರರು ದೊಡ್ಡ ದೇಶ ಕರೆದರೆ ಸುಮ್ನೆ ಅಲ್ಲಿಗೇ ಹೋಗುತ್ತಿದ್ದರು. 2017ರ ವಿಶ್ವಕಪ್‌ನಲ್ಲಿ ಜೇಸನ್ ಟೌಮಲೊಲೊ ನ್ಯೂಜಿಲೆಂಡ್ ಬಿಟ್ಟು, ಆಂಡ್ರ್ಯೂ ಫಿಫಿಟಾ ಆಸ್ಟ್ರೇಲಿಯಾ ಬಿಟ್ಟು ಟೋಂಗಾಗೆ ಆಡಿದ ಮೇಲೆ ಗಾಳಿ ತಿರುಗಿತು. ಮುಂದಿನ ವಿಶ್ವಕಪ್‌ಗೆ ಜರೋಮ್ ಲುವಾಯ್, ಬ್ರಯಾನ್ ಟೋಒ, ಕ್ರೈಟನ್, ಮೂವರೂ ಪೆನ್ರಿತ್‌ನವರು, ಮೂವರೂ ಒರಿಜಿನ್ ಆಡಿದವರು, ಸಮೋವಾದ ನೀಲಿ ತೊಟ್ಟರು.

2022, ಇಂಗ್ಲೆಂಡ್

ಆ ವಿಶ್ವಕಪ್‌ನಲ್ಲಿ ಸಮೋವಾದ ಮೊದಲ ಪಂದ್ಯ ನ್ಯೂಕಾಸಲ್‌ನಲ್ಲಿ, ಇಂಗ್ಲೆಂಡ್ ವಿರುದ್ಧ. 60-6ರ ಸೋಲು. ಇಷ್ಟು ಹೆಸರಿರುವ ತಂಡ ಹೀಗೆ ಮಣ್ಣು ಮುಕ್ಕಿದ್ದು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಗ್ರೀಸ್, ಫ್ರಾನ್ಸ್ ವಿರುದ್ಧ ಸುಲಭ ಗೆಲುವು, ಕ್ವಾರ್ಟರ್ ಫೈನಲ್‌ನಲ್ಲಿ ಟೋಂಗಾ ವಿರುದ್ಧ 20-18.

ನವೆಂಬರ್ 12, ಲಂಡನ್‌ನ ಎಮಿರೇಟ್ಸ್ ಮೈದಾನ, ಸೆಮಿಫೈನಲ್, ಮತ್ತೆ ಅದೇ ಇಂಗ್ಲೆಂಡ್. ಫಲಿತಾಂಶ 27-26. ಈಗ ಮೇಲಿನ ಕಿರುದಾರಿ ಬಳಸಿ: 27 ಬೆಸ. ಫೀಲ್ಡ್ ಗೋಲ್ ಆಗಿದೆ, ಗೆದ್ದವರೇ ಹೊಡೆದಿದ್ದಾರೆ. ಕೊನೆಯ ಭಾಗದಲ್ಲಿ ಕ್ರೈಟನ್ ಮತ್ತೊಂದು ಪಾಸ್ ಕದ್ದು ಟ್ರೈ ಮಾಡಿದ. ಇಂಗ್ಲೆಂಡ್ ಸರಿಗಟ್ಟಿತು, 26-26. ಗೋಲ್ಡನ್ ಪಾಯಿಂಟ್, ಅಂದರೆ ಮೊದಲು ಅಂಕ ಗಳಿಸಿದವರೇ ಗೆದ್ದಂತೆ. ಆ ಒಂದು ಅಂಕದ ಒದೆತವೂ ಕ್ರೈಟನ್‌ದೇ. ಆಗ ಅವನಿಗೆ 22 ವರ್ಷ. ಸುಮಾರು 2 ಲಕ್ಷ ಜನರ ದೇಶ ಮೊದಲ ಬಾರಿ ಫೈನಲ್ ಸೇರಿತು.

ಓಲ್ಡ್ ಟ್ರಾಫರ್ಡ್‌ನ ಫೈನಲ್‌ನಲ್ಲಿ ಆಸ್ಟ್ರೇಲಿಯಾ 30-10ರಲ್ಲಿ ಗೆದ್ದಿತು. ಎದುರಿಗೆ ನೇಥನ್ ಕ್ಲಿಯರಿ, ಐಸಾಯಾ ಯೋ, ಲಿಯಮ್ ಮಾರ್ಟಿನ್. ಏಳು ವಾರದ ಹಿಂದೆ, ಅಕ್ಟೋಬರ್ 2ರಂದು, ಇವರ ಜೊತೆಗೇ ಪ್ಯಾಂಥರ್ಸ್ ಪರ ಎನ್‌ಆರ್‌ಎಲ್ ಕಪ್ ಎತ್ತಿದ್ದವನು ಕ್ರೈಟನ್. ಕೊನೆಗೆ ಸಮೋವಾಗೆ ಒಂದು ಟ್ರೈ ಕೂಡ ತಂದ.

ಕ್ಯಾಂಟರ್‌ಬರಿ

ಮೂರು ಕಪ್ ಗೆದ್ದ ತಂಡ ಬಿಡೋದು ಯಾಕೆ? ಸಂಬಳ ಮಿತಿ. ಎನ್‌ಆರ್‌ಎಲ್‌ನಲ್ಲಿ ಪ್ರತಿ ಕ್ಲಬ್‌ಗೂ ಖರ್ಚಿಗೆ ಒಂದು ಗೆರೆ ಇದೆ. ಗೆಲ್ಲುತ್ತಾ ಹೋದಂತೆ ಆಟಗಾರರ ಬೆಲೆ ಏರುತ್ತದೆ, ಎಲ್ಲರನ್ನೂ ಇಟ್ಟುಕೊಳ್ಳೋಕೆ ಆಗೋದಿಲ್ಲ. 2024ಕ್ಕೆ ಕ್ರೈಟನ್ ಕ್ಯಾಂಟರ್‌ಬರಿ ಬುಲ್‌ಡಾಗ್ಸ್ ಸೇರಿ ನೇರವಾಗಿ ನಾಯಕನಾದ. 2016ರ ನಂತರ ಆ ತಂಡ ಮೊದಲ ಬಾರಿ ಅಂತಿಮ ಸುತ್ತುಗಳಿಗೆ ಹೋಯಿತು, ಮ್ಯಾನ್ಲಿ ಎದುರು ಎರಡು ಅಂಕದಿಂದ ಹೊರಬಿತ್ತು. ಅದೇ ವರ್ಷ ಪೆನ್ರಿತ್ ಅವನಿಲ್ಲದೆಯೂ ಸತತ ನಾಲ್ಕನೆಯ ಕಪ್ ಗೆದ್ದಿತು. ಬುಲ್‌ಡಾಗ್ಸ್ ಕೊನೆಯದಾಗಿ ಕಪ್ ಗೆದ್ದಿದ್ದ 2004ರಲ್ಲಿ ಅವರ ಈ ನಾಯಕ ನಾಲ್ಕು ವರ್ಷದ ಮಗು.