ಹಾಲು ಹಲ್ಲು ಅಂದುಕೊಂಡ ದವಡೆ ಹಲ್ಲು

2021ರ ಕೋವಿಡ್ ಲಾಕ್‌ಡೌನ್ ಕಾಲದಲ್ಲಿ ಶಿರಸಿ ಹತ್ತಿರದ ಹಳ್ಳಿಯಿಂದ ತಾಯಿಯೊಬ್ಬರು ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದರು. ಏಳು ವರ್ಷದ ಮಗ ಬಾಯಿ ಅಗಲಿಸಿಕೊಂಡು ಕೂತಿದ್ದಾನೆ. ಕೆಳದವಡೆಯ ಕೊನೆಯ ಹಲ್ಲಿನ ನಡುವೆ ಕಪ್ಪು ತೂತು. "ಹಾಲು ಹಲ್ಲು ಅಲ್ವಾ ಡಾಕ್ಟ್ರೇ, ಹೇಗೂ ಬಿದ್ದು ಹೋಗ್ತದೆ. ಲಾಕ್‌ಡೌನ್ ಮುಗಿದ ಮೇಲೆ ಬಂದರೆ ಸಾಕಾ?" ಎಂದು ಕೇಳಿದರು.

ಹಲ್ಲು ಎಣಿಸಿ ಎಂದೆ. ಮುಂಬದಿಯ ಎರಡು ಹಲ್ಲುಗಳ ನಡುವಿನ ಗೆರೆಯಿಂದ ಹಿಂದಕ್ಕೆ, ಒಂದೊಂದಾಗಿ. ಅವರು ಎಣಿಸಿ "ಆರು" ಎಂದರು. ಹಾಲು ಹಲ್ಲು ಒಂದು ಬದಿಗೆ ಐದೇ ಇರುತ್ತವೆ, ಮೇಲೆ ಕೆಳಗೆ ಸೇರಿ ಒಟ್ಟು 20. ಆರನೆಯದು ಬಂದಿದೆ ಎಂದರೆ ಅದು ಶಾಶ್ವತ ಹಲ್ಲು. ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ.

ಇದು ಆ ತಾಯಿಯ ತಪ್ಪು ಎಂದು ನಾನು ಹೇಳುವುದಿಲ್ಲ. ಈ ಹಲ್ಲು ಹುಟ್ಟುವ ರೀತಿಯೇ ಹಾಗೆ. ಮುಂದಿನ ಹಲ್ಲು ಅಲ್ಲಾಡುತ್ತದೆ, ಬೀಳುತ್ತದೆ, ಹೊಸದು ಬರುತ್ತದೆ. ಮನೆಯವರಿಗೆಲ್ಲ ಗೊತ್ತಾಗುತ್ತದೆ. ಆರನೇ ವಯಸ್ಸಿನ ಆಸುಪಾಸಿಗೆ ಬರುವ ಈ ದವಡೆ ಹಲ್ಲಿಗೆ ಯಾವ ಹಲ್ಲೂ ಜಾಗ ಬಿಡಬೇಕಿಲ್ಲ. ಹಾಲು ಹಲ್ಲುಗಳ ಹಿಂದೆ, ಖಾಲಿ ವಸಡಿನಲ್ಲಿ ಸುಮ್ನೆ ಮೇಲೆ ಬರುತ್ತದೆ. 2020ರ ಮಾರ್ಚ್‌ನಲ್ಲಿ ಐದು ಆರು ವರ್ಷವಿದ್ದ ಮಕ್ಕಳಲ್ಲಿ ಹೆಚ್ಚಿನವರಿಗೆ ಇದು ಬಂದದ್ದು ಶಾಲೆ ಮುಚ್ಚಿದ್ದ ಆ ಕಾಲದಲ್ಲೇ. ಈ ಹುಡುಗ ಒಂದನೇ ತರಗತಿಗೆ ಹೆಸರು ಹಚ್ಚಿದ್ದ, ಶಾಲೆಯ ಬೆಂಚಿನ ಮೇಲೆ ಒಂದು ದಿನವೂ ಕೂತಿರಲಿಲ್ಲ.

ಆಗ ನನಗೆ ಜಾಸ್ತಿ ಆತಂಕವಾಗಿದ್ದದ್ದು ಈ ವಿಷಯಕ್ಕೇ. ಮಕ್ಕಳು ಸಿಹಿ ತಿನ್ನುವುದು ಹೊಸದಲ್ಲ. ಹೊಸದು ಏನೆಂದರೆ ದಿನಕ್ಕೆ ಒಂದು ಆಕಾರವೇ ಇಲ್ಲದೆ ಹೋದದ್ದು. ಬೆಳಿಗ್ಗೆ ಹಲ್ಲುಜ್ಜಿಸುತ್ತಿದ್ದದ್ದು ಅಮ್ಮನ ಬೈಗುಳಕ್ಕಿಂತ ಹೆಚ್ಚಾಗಿ ಶಾಲೆಗೆ ಹೋಗುವ ಅವಸರ. ಅದು ಹೋಯಿತು. ಮಕ್ಕಳು ಒಂಬತ್ತಕ್ಕೆ ಏಳುತ್ತಿದ್ದರು, ಎದ್ದವರೇ ಮೊಬೈಲ್ ಹಿಡಿದು ನೆಟ್‌ವರ್ಕ್ ಸಿಗುವ ದಿಬ್ಬಕ್ಕೆ ಓಡುತ್ತಿದ್ದರು. ಅಂಗಡಿ ತೆರೆದಿರುತ್ತಿದ್ದದ್ದು ಬೆಳಿಗ್ಗೆ 6ರಿಂದ 10. ಹಾಗಾಗಿ ಅಪ್ಪ ಒಂದೇ ಸಲಕ್ಕೆ ಹತ್ತು ಪ್ಯಾಕೆಟ್ ಬಿಸ್ಕೆಟ್ ತಂದಿಡುತ್ತಿದ್ದ. ಡಬ್ಬಿ ಕೈಗೆ ಸಿಗುವಲ್ಲೇ ಇರುತ್ತಿತ್ತು. ಪಾಠದ ನಡುವೆ ಒಂದು, ಆಟದ ನಡುವೆ ಎರಡು.

ಹಲ್ಲಿಗೆ ಪೆಟ್ಟು ಬೀಳುವುದು ಇಲ್ಲಿ. ಹಲ್ಲಿನ ಮೇಲೆ ಅಂಟಿದ ಬ್ಯಾಕ್ಟೀರಿಯಾ ಸಕ್ಕರೆ ಸಿಕ್ಕ ಕೂಡಲೇ ಆಮ್ಲ ಮಾಡುತ್ತವೆ. ಆ ಆಮ್ಲ ಹಲ್ಲಿನ ಸುಣ್ಣವನ್ನು ಕರಗಿಸುತ್ತದೆ. ಜೊಲ್ಲು ಅದನ್ನು ತೊಳೆದು ಬಾಯನ್ನು ಮೊದಲಿನ ಸ್ಥಿತಿಗೆ ತರಲು ಅರ್ಧ ಗಂಟೆಯಾದರೂ ಬೇಕು, ಕೆಲವೊಮ್ಮೆ ಒಂದು ಗಂಟೆ. ಆ ಬಿಡುವು ಸಿಗುವ ಮೊದಲೇ ಇನ್ನೊಂದು ಬಿಸ್ಕೆಟ್ ಹೋದರೆ ಮತ್ತೆ ಮೊದಲಿಂದ ಶುರು. ಅದಕ್ಕೇ ಎಷ್ಟು ತಿಂದರು ಎನ್ನುವುದಕ್ಕಿಂತ ಎಷ್ಟು ಸಲ ತಿಂದರು ಎಂದು ನಾನು ಕೇಳುವುದು. ಬೆಳಿಗ್ಗೆ ತೆಳ್ಳೇವಿಗೆ (ತೆಳು ದೋಸೆ) ಜೋನಿಬೆಲ್ಲ (ನೀರು ಬೆಲ್ಲ) ಹಾಕಿಕೊಂಡು ತಿಂದರೆ ನಾನು ಬೇಡ ಎನ್ನುವುದಿಲ್ಲ. ಅದು ಒಂದು ಸಲದ ಊಟ, ಮುಗಿಯಿತು. ಮಧ್ಯಾಹ್ನ ಡಬ್ಬಿಯಿಂದ ಚಮಚದಲ್ಲಿ ಆಗಾಗ ನೆಕ್ಕುವುದು ಬೇರೆ. ಬೆಲ್ಲ ಒಳ್ಳೆಯದು, ಸಕ್ಕರೆ ಕೆಟ್ಟದ್ದು ಎಂಬ ಮಾತು ಹಲ್ಲಿಗೆ ಅನ್ವಯಿಸುವುದಿಲ್ಲ. ಮಾವಿನ ರಸ ಒಣಗಿಸಿದ ಮಾಂಬಳವೂ ಹಾಗೆಯೇ, ದವಡೆ ಹಲ್ಲಿನ ಗೆರೆಗಳಲ್ಲಿ ಗಂಟೆಗಟ್ಟಲೆ ಅಂಟಿಕೊಂಡಿರುತ್ತದೆ. ಹಸಿವಾದರೆ ಹಲಸಿನ ಬೇಳೆ ಸುಟ್ಟು ಕೊಡಿ, ನೆಲಗಡಲೆ ಕೊಡಿ, ಮಜ್ಜಿಗೆ ಕೊಡಿ.

ಮನೆಯಲ್ಲೇ ಹಲ್ಲು ನೋಡುವ ಕ್ರಮ ಹೇಳುತ್ತೇನೆ. ಮಗುವಿನ ತಲೆಯನ್ನು ತೊಡೆಯ ಮೇಲೆ ಮಲಗಿಸಿಕೊಳ್ಳಿ. ಮೊಬೈಲಿನ ಟಾರ್ಚ್ ಹಾಕಿ. ತುಟಿ ಎತ್ತಿ, ಒಗೆದ ಹತ್ತಿ ಬಟ್ಟೆಯಿಂದ ಹಲ್ಲು ಒರೆಸಿ ಒಣಗಿಸಿ. ಒದ್ದೆ ಹಲ್ಲಿನಲ್ಲಿ ಇದು ಕಾಣುವುದಿಲ್ಲ. ವಸಡಿನ ಅಂಚಿಗೆ ಸುಣ್ಣ ಬಳಿದಂಥ ಬಿಳಿ ಗೆರೆ ಕಂಡರೆ ಅದೇ ಹುಳುಕಿನ ಮೊದಲ ಹೆಜ್ಜೆ. ತೂತಾಗುವ ಮೊದಲಿನ ಈ ಹಂತದಲ್ಲಿ ಅದನ್ನು ತಡೆಯಬಹುದು. ಫ್ಲೋರೈಡ್ ಪೇಸ್ಟ್ ಹಚ್ಚಿ ದಿನಕ್ಕೆ ಎರಡು ಸಲ ಉಜ್ಜಿ, ನಡುನಡುವೆ ತಿನ್ನುವುದನ್ನು ನಿಲ್ಲಿಸಿದರೆ ಆ ಗೆರೆ ಮತ್ತೆ ಗಟ್ಟಿಯಾಗುತ್ತದೆ. ಪೇಸ್ಟ್ ಡಬ್ಬಿಯ ಮೇಲೆ ಫ್ಲೋರೈಡ್ 1000 ಪಿಪಿಎಂ ಎಂದು ಇದೆಯೇ ನೋಡಿ ತನ್ನಿ. ಮೂರು ವರ್ಷದೊಳಗಿನವರಿಗೆ ಅಕ್ಕಿ ಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಸಾಕು. ಉಜ್ಜಿದ ಮೇಲೆ ಉಗುಳಲಿ, ನೀರು ಹಾಕಿ ಮುಕ್ಕಳಿಸುವುದು ಬೇಡ. ಎರಡರಲ್ಲಿ ರಾತ್ರಿಯದ್ದೇ ಮುಖ್ಯ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುತ್ತದೆ, ಆಗ ಹಲ್ಲಿಗೆ ಕಾವಲಿಲ್ಲ. ಶಾಲೆಯ ಅವಸರ ಇಲ್ಲದಿದ್ದರೂ ರಾತ್ರಿ ಊಟವಂತೂ ಇದೆ. ಆ ಊಟಕ್ಕೇ ಹಲ್ಲುಜ್ಜುವುದನ್ನು ಜೋಡಿಸಿ. ಊಟ, ಬ್ರಷ್, ಮತ್ತೆ ನೀರು ಬಿಟ್ಟು ಬೇರೇನೂ ಇಲ್ಲ.

ಹಲ್ಲು ನೋವಿಗೆ ಲವಂಗದ ಎಣ್ಣೆ ಸುರಿದು ವಸಡು ಸುಟ್ಟುಕೊಂಡು ಬಂದ ಮಕ್ಕಳನ್ನು ನೋಡಿದ್ದೇನೆ. ಹೊಗೆಸೊಪ್ಪು ಇಟ್ಟವರನ್ನೂ ನೋಡಿದ್ದೇನೆ. ದಯವಿಟ್ಟು ಬೇಡ. ಆಸ್ಪಿರಿನ್ ಮಕ್ಕಳಿಗೆ ಕೊಡಲೇಬೇಡಿ. ಕೆನ್ನೆ ಊದಿ ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು ಕಷ್ಟವಾದರೆ ಆ ರಾತ್ರಿಯೇ ಆಸ್ಪತ್ರೆಗೆ ಹೊರಡಿ. ಲಾಕ್‌ಡೌನ್ ಇದ್ದಾಗಲೂ ಆಸ್ಪತ್ರೆಗೆ ಹೋಗಲು ತಡೆಯಿರಲಿಲ್ಲ.

2020ರ ಮಾರ್ಚ್ ಕೊನೆಗೆ ಹಲ್ಲಿನ ವೈದ್ಯರಾದ ನಾವು ತುರ್ತು ಕೆಲಸ ಬಿಟ್ಟು ಉಳಿದದ್ದೆಲ್ಲ ನಿಲ್ಲಿಸಿದ್ದೆವು. ಹಲ್ಲು ಕೊರೆಯುವ ಯಂತ್ರ ಹಾರಿಸುವ ನೀರಿನ ಸಣ್ಣ ಹನಿಗಳು ಬಾಯಿಯ ಜೊಲ್ಲನ್ನೂ ಕೋಣೆಯ ಗಾಳಿಗೆ ಸೇರಿಸುತ್ತವೆ. ಅದರಿಂದ ಕೊರೊನಾ ಹರಡೀತು ಎಂಬ ಭಯ ನಿಜವಾದದ್ದೇ. ಆದರೆ ಮಕ್ಕಳ ಎಷ್ಟೋ ಹುಳುಕಿಗೆ ಆ ಯಂತ್ರವೇ ಬೇಡ. ಈ ಹುಡುಗನನ್ನು ಮರುದಿನವೇ ಕರೆಸಿಕೊಂಡೆ. ಪುಟ್ಟ ಚಮಚದಂಥ ಕೈ ಉಪಕರಣದಿಂದ ಮೆತ್ತಗಾದ ಭಾಗವನ್ನು ಕೆರೆದು ತೆಗೆದೆ. ಹುಳುಕು ನರದವರೆಗೆ ಹೋಗಿರಲಿಲ್ಲ. ಗ್ಲಾಸ್ ಅಯಾನೊಮರ್ ಎಂಬ ಸಿಮೆಂಟನ್ನು ಬೆರಳಲ್ಲಿ ಒತ್ತಿ ತುಂಬಿದೆ. ಚುಚ್ಚುಮದ್ದಿಲ್ಲ, ಸದ್ದಿಲ್ಲ. ಅರ್ಧ ಗಂಟೆಯೊಳಗೆ ಎದ್ದು ಹೋದ.

ಎದುರು ಬದಿಯ ಆರನೇ ಹಲ್ಲು ಆಗಷ್ಟೇ ವಸಡು ಸೀಳಿಕೊಂಡು ಬರುತ್ತಿತ್ತು. ಹಿಂದಿನ ಅರ್ಧಕ್ಕೆ ಇನ್ನೂ ವಸಡಿನ ಮುಸುಕು. ಅದು ಪೂರ್ತಿ ಮೇಲೆ ಬರಲು ಸುಮಾರು ಒಂದು ವರ್ಷ ಬೇಕು. ಅಲ್ಲಿಯವರೆಗೆ ಪಕ್ಕದ ಹಲ್ಲಿಗಿಂತ ತಗ್ಗಿನಲ್ಲಿರುತ್ತದೆ. ಬ್ರಷ್ ಅದರ ಮೇಲಿಂದ ಹಾದು ಹೋಗುತ್ತದೆ, ಅದನ್ನು ಮುಟ್ಟುವುದೇ ಇಲ್ಲ. ತಾಯಿಯ ಕೈ ಹಿಡಿದು ತೋರಿಸಿದೆ: ಬಾಯಿ ಅರ್ಧ ಮುಚ್ಚಿಸಿ, ಬ್ರಷ್ಷನ್ನು ಕೆನ್ನೆಯ ಕಡೆಯಿಂದ ಅಡ್ಡ ಹಾಕಿ, ಆ ಒಂದೇ ಹಲ್ಲಿನ ಮೇಲೆ ಹತ್ತು ಸಲ. ಆಮೇಲೊಂದು ಬುಧವಾರ ಅವರು ಇನ್ನೊಂದು ಫೋಟೊ ಕಳಿಸಿದ್ದರು. ಟಾರ್ಚ್ ಬೆಳಕು ಸರಿಯಾಗಿ ಬಿದ್ದಿತ್ತು, ಆರನೆಯದರ ಗೆರೆಗಳು ಬೆಳ್ಳಗೆ ಸ್ವಚ್ಛವಾಗಿ ಕಾಣುತ್ತಿದ್ದವು.