ಮ್ಯಾಗ್ನೆಟ್ ಚಿಕಿತ್ಸೆ ಮಾಡಿಸಿದರೆ ಪಾರ್ಕಿನ್ಸನ್ ಮಾತ್ರೆ ನಿಲ್ಲಿಸಬಹುದಾ?

ಪ್ರಶ್ನೆ: ನಮ್ಮ ತಂದೆಯವರಿಗೆ 67 ವರ್ಷ. ಆರು ವರ್ಷದಿಂದ ಪಾರ್ಕಿನ್ಸನ್ ಕಾಯಿಲೆ ಇದೆ. ಕೈ ನಡುಕಕ್ಕಿಂತ ನಡಿಗೆಯೇ ಜಾಸ್ತಿ ಕಷ್ಟ. ಬಾಗಿಲ ಹತ್ತಿರ ಬಂದರೆ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತಾರೆ. ತಲೆಗೆ ಮ್ಯಾಗ್ನೆಟ್ ಇಟ್ಟು, ಮಾತ್ರೆಯೇ ಇಲ್ಲದೆ ಸರಿ ಮಾಡುತ್ತಾರೆ ಅಂತ ಒಂದು ವಿಡಿಯೊ ನೋಡಿದೆವು. ಇದು ನಿಜವಾ? ಮಾಡಿಸಿದರೆ ಮಾತ್ರೆ ಬಿಡಬಹುದಾ?

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಬಿಡಬೇಡಿ. ಲೆವೊಡೋಪಾ ಮಾತ್ರೆಯನ್ನು (ನಮ್ಮಲ್ಲಿ ತುಂಬ ಜನ ಸಿಂಡೋಪಾ ಅಂತ ನುಂಗುವುದು ಇದನ್ನೇ) ದಿಢೀರ್ ಅಂತ ನಿಲ್ಲಿಸಿದರೆ ಮೈಯೆಲ್ಲ ಸೆಟೆದುಕೊಂಡು, ಜ್ವರ ಏರಿ, ಎಚ್ಚರ ತಪ್ಪಿ ಐಸಿಯು ಸೇರುವ ಹಾಗಾಗಬಹುದು. ಡೋಸ್ ಇಳಿಸುವುದಿದ್ದರೂ ನ್ಯೂರಾಲಜಿ ಡಾಕ್ಟರು ಹೇಳಿದ ಹಾಗೆಯೇ, ನಿಧಾನವಾಗಿ.

ಇನ್ನು ಚಿಕಿತ್ಸೆ ನಿಜವಾ ಅಂದರೆ, ನಿಜ. ಆದರೆ ವಿಡಿಯೊ ಹೇಳುವಷ್ಟಲ್ಲ.

ಇದರ ಹೆಸರು ಟಿಎಂಎಸ್, ಅಂದರೆ ತಲೆಯ ಹೊರಗಿನಿಂದಲೇ ಕಾಂತಶಕ್ತಿಯಿಂದ ಮೆದುಳನ್ನು ಪ್ರಚೋದಿಸುವುದು. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ಮತ್ತು ಅವರ ಜೊತೆಗಾರರು ಇದನ್ನು ಮೊದಲು ಮಾಡಿ ತೋರಿಸಿದರು. ಆಯಸ್ಕಾಂತದ ಬಳೆ, ಹಾಸಿಗೆ ಅಂತ ಮಾರುತ್ತಾರಲ್ಲ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿರುವುದು ಇಂಗ್ಲಿಷಿನ ಎಂಟರ ಆಕಾರದಲ್ಲಿ ತಾಮ್ರದ ತಂತಿ ಸುತ್ತಿದ ಒಂದು ಕಾಯಿಲ್. ಅದರಲ್ಲಿ ಕ್ಷಣದ ಸಣ್ಣ ಪಾಲಿನಷ್ಟು ಹೊತ್ತು ಜೋರಾದ ಕರೆಂಟ್ ಹರಿಸುತ್ತಾರೆ. ಆಗ ಹುಟ್ಟುವ ಕಾಂತಕ್ಷೇತ್ರ ಬುರುಡೆಯನ್ನು ದಾಟಿ ಒಳಗೆ ಹೋಗಿ, ಮೆದುಳಿನ ಮೇಲ್ಪದರದಲ್ಲಿ ಸಣ್ಣ ಕರೆಂಟ್ ಹುಟ್ಟಿಸುತ್ತದೆ. ಹೈಸ್ಕೂಲಿನಲ್ಲಿ ಓದಿದ ಫ್ಯಾರಡೆ ನಿಯಮವೇ.

ಒಂದು ಸಿಟ್ಟಿಂಗ್ ಹೇಗಿರುತ್ತದೆ? ಒರಗುವ ಕುರ್ಚಿಯಲ್ಲಿ ಕೂರಿಸುತ್ತಾರೆ. ಕಿವಿಗೆ ಇಯರ್‌ಪ್ಲಗ್ ಹಾಕುತ್ತಾರೆ, ಯಾಕೆಂದರೆ ಪ್ರತಿ ಸಲವೂ ಕಾಯಿಲ್ 'ಟಕ್' ಅಂತ ಜೋರಾಗಿ ಸದ್ದು ಮಾಡುತ್ತದೆ. ಮೊದಲು ಒಂದೊಂದೇ ಟಕ್ ಕೊಟ್ಟು ಕಾಯಿಲನ್ನು ತಲೆಯ ಮೇಲೆ ಅಲ್ಲಿಲ್ಲಿ ಸರಿಸುತ್ತಾರೆ. ಒಂದು ಜಾಗಕ್ಕೆ ಬಂದಾಗ ಎದುರು ಬದಿಯ ಹೆಬ್ಬೆರಳು ತಾನಾಗಿಯೇ ಮಿಸುಕುತ್ತದೆ. ಕೈ ಆಡಿಸುವ ಭಾಗ ಅಲ್ಲಿದೆ ಅಂತ ಹೀಗೆ ಗೊತ್ತಾಗುತ್ತದೆ. ಎಷ್ಟು ಕಡಿಮೆ ಶಕ್ತಿಗೆ ಬೆರಳು ಮಿಸುಕಿತು ಅಂತ ನೋಡಿ ನಿಮ್ಮ ತಂದೆಯವರಿಗೆ ಎಷ್ಟು ಕೊಡಬೇಕು ಅಂತ ಲೆಕ್ಕ ಹಾಕುತ್ತಾರೆ. ಆಮೇಲೆ ಚಿಕಿತ್ಸೆ ಶುರು. ಉದಾಹರಣೆಗೆ, ಸೆಕೆಂಡಿಗೆ 10ರಂತೆ ನಾಲ್ಕು ಸೆಕೆಂಡ್‌ನಲ್ಲಿ 40 ಟಕ್, ಸ್ವಲ್ಪ ಬಿಡುವು, ಮತ್ತೆ 40. ಅರ್ಧ ಗಂಟೆಯ ಆಸುಪಾಸು ಹಿಡಿಯುತ್ತದೆ. ಅರಿವಳಿಕೆ ಬೇಡ. ನೆತ್ತಿಯ ಮೇಲೆ ಬೆರಳಿನಿಂದ ಕುಟ್ಟಿದ ಹಾಗೆ ಅನಿಸುತ್ತದೆ, ಕೆಲವರಿಗೆ ಆಮೇಲೆ ತಲೆನೋವು ಬರುತ್ತದೆ. ಇಂಥ ಸಿಟ್ಟಿಂಗ್ ಒಂದೆರಡಕ್ಕೆ ಮುಗಿಯುವುದಿಲ್ಲ. ಎರಡು ವಾರವೋ ಇನ್ನೂ ಜಾಸ್ತಿಯೋ, ದಿನಾ ಹೋಗಬೇಕು.

ಪಾರ್ಕಿನ್ಸನ್‌ನಲ್ಲಿ ಡೋಪಮೈನ್ (ಚಲನೆ ಸರಾಗವಾಗಲು ಬೇಕಾದ ಮೆದುಳಿನ ರಾಸಾಯನಿಕ) ತಯಾರಿಸುವ ಜೀವಕೋಶಗಳು ಸಾಯುತ್ತವೆ. ಅವು ಇರುವುದು ಮೆದುಳಿನ ತೀರಾ ಆಳದಲ್ಲಿ. ಮಾಮೂಲಿ ಕಾಯಿಲ್ ಮುಟ್ಟುವುದು ನೆತ್ತಿಯಿಂದ ಎರಡು ಮೂರು ಸೆಂಟಿಮೀಟರ್ ಒಳಗೆ ಮಾತ್ರ. ಅಂದರೆ ಕೆಟ್ಟಿರುವ ಜಾಗವನ್ನು ಅದು ತಲುಪುವುದೇ ಇಲ್ಲ! ಆದರೆ ಮೇಲ್ಪದರಕ್ಕೂ ಆಳದ ಭಾಗಗಳಿಗೂ ನಡುವೆ ನರಗಳ ಸಂಪರ್ಕ ಇದೆ. ದಾರದ ಈ ತುದಿ ಎಳೆದರೆ ಆ ತುದಿ ಅಲುಗಿದ ಹಾಗೆ, ಮೇಲೆ ಕೊಟ್ಟ ಪ್ರಚೋದನೆ ಕೆಳಗೂ ಸ್ವಲ್ಪ ಬದಲಾವಣೆ ತರುತ್ತದೆ. ಸತ್ತ ಕೋಶ ಇದರಿಂದ ಮರಳಿ ಬರುವುದಿಲ್ಲ. ಕಾಯಿಲೆ ಮುಂದುವರಿಯುವುದನ್ನು ಇದು ತಡೆಯುತ್ತದೆ ಅಂತಲೂ ಸಾಬೀತಾಗಿಲ್ಲ.

ಹಾಗಾದರೆ ಎಷ್ಟು ಉಪಯೋಗ? 2015ರಲ್ಲಿ 20 ಅಧ್ಯಯನಗಳ 470 ರೋಗಿಗಳ ಫಲಿತಾಂಶವನ್ನು ಒಟ್ಟುಗೂಡಿಸಿ ನೋಡಿದರು. ಚಲನೆಯಲ್ಲಿ ಮಧ್ಯಮ ಮಟ್ಟದ ಸುಧಾರಣೆ ಕಂಡಿತು. ಮರುವರ್ಷ ಬಂದ ಇನ್ನೊಂದು ಅಧ್ಯಯನ ಪಾರ್ಕಿನ್ಸನ್ ಜೊತೆಗೆ ಖಿನ್ನತೆಯೂ ಇದ್ದವರ ಮೇಲೆ ನಡೆಯಿತು. ಕೈಕಾಲು ಆಡಿಸುವ ಭಾಗಕ್ಕೆ ಪ್ರಚೋದನೆ ಕೊಟ್ಟಾಗ ಚಲನೆ ಸುಧಾರಿಸಿತು. ಮನಸ್ಸಿಗೆ ಸಂಬಂಧಪಟ್ಟ ಭಾಗಕ್ಕೂ ಸೇರಿಸಿ ಕೊಟ್ಟರೆ ಇನ್ನೂ ಒಳ್ಳೆಯದಾಗಬೇಕಿತ್ತು ಅಲ್ವಾ? ಆಗಲಿಲ್ಲ. ಎಲ್ಲಿ, ಎಷ್ಟು, ಎಷ್ಟು ದಿನ ಅನ್ನುವ ಲೆಕ್ಕ ಇನ್ನೂ ಗಟ್ಟಿಯಾಗಿಲ್ಲ ಅನ್ನುವುದು ಇದಕ್ಕೇ. ಸಿಕ್ಕ ಲಾಭವೂ ನಿಲ್ಲುವುದಿಲ್ಲ, ವಾರಗಳಲ್ಲಿ ಕರಗುತ್ತ ಹೋಗುತ್ತದೆ. ಖಿನ್ನತೆಗೆ ಟಿಎಂಎಸ್ ಬಳಸಲು ಅಮೆರಿಕದ ಎಫ್‌ಡಿಎ (ಔಷಧಿ, ವೈದ್ಯಕೀಯ ಉಪಕರಣಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ) 2008ರಲ್ಲೇ ಒಪ್ಪಿತು. ಪಾರ್ಕಿನ್ಸನ್ ಚಲನೆಯ ತೊಂದರೆಗೆ ಅಂಥ ಒಪ್ಪಿಗೆ ಸಿಕ್ಕಿಲ್ಲ.

"ಆದರೆ ವಿಡಿಯೊದಲ್ಲಿ ಆ ಅಜ್ಜ ಎದ್ದು ನಡೆದರಲ್ಲ?" ನಡೆದಿರಬಹುದು, ಸುಳ್ಳು ಅನ್ನುತ್ತಿಲ್ಲ. ಈ ಕಾಯಿಲೆಯಲ್ಲಿ ಒಂದು ವಿಚಿತ್ರ ಇದೆ. 2001ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಪಾರ್ಕಿನ್ಸನ್ ರೋಗಿಗಳಿಗೆ ಬರೀ ಉಪ್ಪುನೀರಿನ ಇಂಜೆಕ್ಷನ್ ಕೊಟ್ಟು ಮೆದುಳಿನ ಸ್ಕ್ಯಾನ್ ಮಾಡಿದರು. ಔಷಧಿ ಸಿಕ್ಕಿರಬಹುದು ಅಂತ ನಂಬಿದವರ ಮೆದುಳಿನಲ್ಲಿ ಡೋಪಮೈನ್ ನಿಜವಾಗಿಯೇ ಬಿಡುಗಡೆಯಾಗಿತ್ತು. ಅಂದರೆ ಇಲ್ಲಿ ನಂಬಿಕೆ ಸುಮ್ನೆ ಮನಸ್ಸಿನ ಸಮಾಧಾನವಲ್ಲ, ಡೋಪಮೈನೇ. ಟಕ್ ಟಕ್ ಸದ್ದು, ದೊಡ್ಡ ಮೆಷಿನ್, ಬಿಳಿ ಕೋಟು, ಕಟ್ಟಿದ ದುಡ್ಡು, ಇಷ್ಟೆಲ್ಲ ಸೇರಿದರೆ ನಿರೀಕ್ಷೆ ಏರದೆ ಇರುತ್ತದೆಯೇ? ಆದ್ದರಿಂದ ಒಳ್ಳೆಯ ಅಧ್ಯಯನಗಳಲ್ಲಿ ಕೆಲವರಿಗೆ ಸದ್ದು ಮಾತ್ರ ಮಾಡುವ ನಕಲಿ ಕಾಯಿಲ್ ಇಡುತ್ತಾರೆ. ಅದಕ್ಕಿಂತ ಎಷ್ಟು ಹೆಚ್ಚು ಸುಧಾರಿಸಿತೋ ಅಷ್ಟೇ ಚಿಕಿತ್ಸೆಯ ಲೆಕ್ಕ. ವಿಡಿಯೊದಲ್ಲಿ ಈ ಹೋಲಿಕೆ ಇರುವುದಿಲ್ಲ. ಮಾತ್ರೆ ನುಂಗಿ ಎಷ್ಟು ಹೊತ್ತಾಗಿತ್ತು ಅನ್ನುವುದನ್ನೂ ಅವರು ಹೇಳುವುದಿಲ್ಲ.

ಟಿಡಿಸಿಎಸ್ ಅಂತ ಇನ್ನೊಂದಿದೆ. ಒದ್ದೆ ಸ್ಪಂಜು ಕಟ್ಟಿ ಒಂದೆರಡು ಮಿಲಿಆಂಪಿಯರ್ ಕರೆಂಟ್ ಬಿಡುವುದು. ನಡಿಗೆಯ ತರಬೇತಿ ಜೊತೆ ಕೊಟ್ಟು ನೋಡುತ್ತಿದ್ದಾರೆ, ಪುರಾವೆ ಇನ್ನೂ ತೆಳು. ಆನ್‌ಲೈನ್‌ನಲ್ಲಿ ಸಿಗುತ್ತದೆ ಅಂತ ತರಿಸಿ ಮನೆಯಲ್ಲಿ ಕಟ್ಟಲು ಹೋಗಬೇಡಿ.

ಮಾತ್ರೆಯನ್ನು ನಿಜಕ್ಕೂ ಸಾಕಷ್ಟು ಇಳಿಸಬಲ್ಲ ಪ್ರಚೋದನೆ ಒಂದೇ, ಡಿಬಿಎಸ್. ಮೆದುಳಿನ ಆಳಕ್ಕೆ ತಂತಿ ಇಳಿಸಿ ಕರೆಂಟ್ ಕೊಡುವ ಆಪರೇಷನ್ ಇದು. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಅಲಿಂ ಲೂಯಿ ಬೆನಬಿಡ್ ನಡುಕಕ್ಕೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಮೆದುಳಿನ ಒಳಗಿನ ಸಣ್ಣ ಭಾಗವೊಂದನ್ನು ಸುಡುವ ಮೊದಲು ಜಾಗ ಸರಿಯಾ ಅಂತ ಕರೆಂಟ್ ಕೊಟ್ಟು ನೋಡುತ್ತಿದ್ದರು. ಆ ಕರೆಂಟಿನ ಮಿಡಿತದ ವೇಗ ಏರಿಸಿದರೆ ನಡುಕ ಅಲ್ಲೇ ನಿಲ್ಲುತ್ತಿತ್ತು. ಸುಡುವುದೇ ಬೇಡ, ತಂತಿ ಅಲ್ಲೇ ಬಿಡೋಣ ಅನ್ನುವ ಯೋಚನೆ 1987ರ ಹೊತ್ತಿಗೆ ಬಂದದ್ದು ಹೀಗೆ. ಈಗ ಆಳದಲ್ಲಿ ತಂತಿ ಕೂರಿಸಿ, ಎದೆಯ ಚರ್ಮದ ಕೆಳಗೆ ಬ್ಯಾಟರಿ ಇಡುತ್ತಾರೆ. ಖರ್ಚು ಹಲವು ಲಕ್ಷ. ಎಲ್ಲರಿಗೂ ಹೊಂದುವುದೂ ಇಲ್ಲ. ಡಾಕ್ಟರುಗಳು ಮೊದಲು ನೋಡುವುದು ಮಾತ್ರೆ ಕೆಲಸ ಮಾಡುವ ಹೊತ್ತಿನಲ್ಲಿ ರೋಗಿ ಹೇಗಿರುತ್ತಾರೆ ಅಂತ. ನಡುಕವನ್ನು ಬಿಟ್ಟರೆ, ಮಾತ್ರೆಗೆ ಬಗ್ಗದ ತೊಂದರೆ ಸಾಮಾನ್ಯವಾಗಿ ಡಿಬಿಎಸ್‌ಗೂ ಬಗ್ಗುವುದಿಲ್ಲ. ನಿಮ್ಮ ತಂದೆಯವರ ಕಾಲು ಅಂಟುವುದು ಮಾತ್ರೆಯ ಪ್ರಭಾವ ಇದ್ದಾಗಲೂ ಆಗುತ್ತದೆಯೋ, ಇಳಿದ ಮೇಲೆ ಮಾತ್ರವೋ? ಒಂದು ವಾರ ಗಡಿಯಾರ ನೋಡಿ ಬರೆದಿಡಿ. ಇಳಿದ ಮೇಲೆ ಮಾತ್ರ ಅಂತಾದರೆ ಮಾತ್ರೆಯ ಸಮಯ ಬದಲಿಸಿಯೇ ಎಷ್ಟೋ ಸರಿಯಾಗಬಹುದು.

ಬಾಗಿಲ ಹತ್ತಿರ ನೆಲದ ಮೇಲೆ ಒಂದು ಹೆಜ್ಜೆ ಅಂತರದಲ್ಲಿ ಬಣ್ಣದ ಟೇಪ್ ಅಂಟಿಸಿ ನೋಡಿ. ಗೆರೆ ದಾಟಿ ಅಂದರೆ ಅಂಟಿದ ಕಾಲು ಎಷ್ಟೋ ಜನರಲ್ಲಿ ಬಿಡಿಸಿಕೊಳ್ಳುತ್ತದೆ. "ಒಂದು, ಎರಡು" ಅಂತ ತಾಳ ಹಾಕಿ ಎಣಿಸಿದರೂ ಕೆಲವರಿಗೆ ಹೆಜ್ಜೆ ಬರುತ್ತದೆ. ಪಕ್ಕದಲ್ಲಿ ಒಬ್ಬರು ನಿಂತಿರಿ.

ಇಷ್ಟಾದ ಮೇಲೂ ಟಿಎಂಎಸ್ ಮಾಡಿಸಬೇಕು ಅನಿಸಿದರೆ, ಮಾತ್ರೆಯ ಜೊತೆಗೆ ಅಂತ ಮಾಡಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಮೊದಲು ಅಭಿಪ್ರಾಯ ಕೇಳಿ. ಫಿಟ್ಸ್ ಬಂದಿದ್ದರೆ, ತಲೆಯೊಳಗೆ ಕ್ಲಿಪ್ ಅಥವಾ ಕಿವಿಯ ಇಂಪ್ಲಾಂಟ್ ಇದ್ದರೆ, ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ. ಶುರು ಮಾಡುವ ಮುಂಚೆ ತಂದೆಯವರು ಕುರ್ಚಿಯಿಂದ ಎದ್ದು, ನಡೆದು, ತಿರುಗಿ ಬರುವುದನ್ನು ಮೊಬೈಲ್‌ನಲ್ಲಿ ತೆಗೆದಿಡಿ. ಮುಗಿದ ಮೇಲೆ ಒಮ್ಮೆ, ತಿಂಗಳು ಬಿಟ್ಟು ಇನ್ನೊಮ್ಮೆ. ಮೂರೂ ಸಲ ಮಾತ್ರೆ ನುಂಗಿ ಅಷ್ಟೇ ಹೊತ್ತಾಗಿರಬೇಕು. ಪ್ಯಾಕೇಜಿನ ಪೂರ್ತಿ ಹಣ ಮುಂಗಡವಾಗಿ ಕೇಳಿ, "ಮಾತ್ರೆ ಪೂರ್ತಿ ಬಿಡಿಸುತ್ತೇವೆ" ಅನ್ನುವ ಕಡೆ ಮಾತ್ರ ಹೋಗಬೇಡಿ. ಆ ದುಡ್ಡಿಗೆ ತಿಂಗಳುಗಟ್ಟಲೆ ಫಿಸಿಯೋಥೆರಪಿ ಆಗುತ್ತದೆ.